ತೆಂಗಿನ ತೋಟದ ಮನೆಗೆ ಹಳದಿ ಬಿದಿರು

ಮನೆಯ ಮುಂದೆ ಹಳದಿ ಬಿದಿರಿನ ಒಂದು ಮೆಳೆ ಇದ್ದರೆ ಕಣ್ಣಿಗೆ ತಂಪು. ಆದರೆ ಬಿದಿರು ಇಟ್ಟರೆ ತೋಟವನ್ನೇ ನುಂಗೀತೆಂಬ ಅಂಜಿಕೆ ಸಂಪಿಗೆಯ ಕಡೆಯ ತೆಂಗು ಬೆಳೆಗಾರರಲ್ಲಿ ಉಂಟು. ಈ ಅಂಜಿಕೆ ಅರ್ಧ ತಪ್ಪು, ಅರ್ಧ ಸರಿ.

ಚೀನಾ, ಜಪಾನುಗಳ ಚಳಿ ಸೀಮೆಯ ಹಲವು ಬಿದಿರುಗಳ ಗೆಡ್ಡೆ ನೆಲದೊಳಗೆ ದೂರ ಹರಿದು, ಎಲ್ಲೆಂದರಲ್ಲಿ ಮೇಲೇಳುತ್ತದೆ. ನಮ್ಮ ಬಿಸಿಲು ನಾಡಿನ ಬಿದಿರು ಹಾಗಲ್ಲ. ಅದರ ಗೆಡ್ಡೆ ಮೋಟು. ಕಳಲೆ ಹಳೆಯ ಗಳದ ಮಗ್ಗುಲಲ್ಲೇ ಮೂಡುತ್ತದೆ. ಮೆಳೆ ವರ್ಷವರ್ಷವೂ ದಪ್ಪವಾಗುತ್ತದೆಯೇ ಹೊರತು ಓಡಿಹೋಗುವುದಿಲ್ಲ. ಹಳದಿ ಬಿದಿರೂ ಈ ಮೆಳೆ ಜಾತಿಯದೇ. ಹೆಬ್ಬಿದಿರಿನಂತೆ ಮುಳ್ಳೂ ಇಲ್ಲ.

ಸರಿಯಾದ ಅರ್ಧವೆಂದರೆ ಬೇರಿನದು. ತೆಂಗಿನ ಬೇರೂ ಬಿದಿರಿನ ಬೇರೂ ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರತಕ್ಕವು. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಎರಡಕ್ಕೂ ಒಂದೇ ನೀರು ಸಾಲದು. ಬಿದಿರನ್ನು ತೆಂಗಿನಿಂದ 25 ಅಡಿಯಾದರೂ ದೂರವಿಡಬೇಕೆಂಬುದು ನನ್ನ ಅಭಿಪ್ರಾಯ. 30 ಅಡಿಗೊಂದರಂತೆ ತೆಂಗು ಇಟ್ಟ ತೋಟದ ನಡುವೆ, ನಾಲ್ಕು ಮರಗಳ ಮಧ್ಯದಲ್ಲಿ ನಿಂತರೂ ಸಿಗುವುದು 21 ಅಡಿ. ಆದ್ದರಿಂದ ಅಲ್ಲಿ ಬಿದಿರಿಗೆ ಜಾಗವಿಲ್ಲ. ಮನೆಯ ಅಂಗಳದ ಮೂಲೆ, ಹಳ್ಳದ ದಂಡೆ, ಬಚ್ಚಲ ನೀರು ಹರಿಯುವ ಕಡೆ ಲೇಸು. ವಿದ್ಯುತ್ ತಂತಿಯ ಕೆಳಗೂ ಪಕ್ಕದವರ ಬದುವಿನ ಮೇಲೂ ಬೇಡ. ಬದುವಿನ ಜಗಳ ಬಿದಿರಿಗಿಂತ ಬೇಗ ಬೆಳೆಯುತ್ತದೆ.

ಹಳದಿ ಬಿದಿರು ಬೀಜ ಕಟ್ಟುವುದಿಲ್ಲವೆಂದೇ ಹೇಳಬಹುದು. ಒಂದೆರಡು ವರ್ಷದ ಗಳವನ್ನು ಎರಡೆರಡು ಗೆಣ್ಣಿನ ತುಂಡು ಮಾಡಿ, ಬೇಸಿಗೆಯ ಕೊನೆಗೆ ನೆರಳಿನ ಪಾತಿಯಲ್ಲಿ ಅಡ್ಡಲಾಗಿ ಹೂಳಿ, ತೇವ ಆರದಂತೆ ನೋಡಿಕೊಳ್ಳಬೇಕು. ಕೆಲವೇ ವಾರದಲ್ಲಿ ಚಿಗುರು ಬರುತ್ತದೆ. ಇಲ್ಲೇ ನಾನು ಮೋಸಹೋದದ್ದು. ಎಲೆ ಕಂಡೊಡನೆ ಕಿತ್ತು ನೆಟ್ಟೆ. ಬುಡದಲ್ಲಿ ಒಂದು ಬೇರೂ ಇರಲಿಲ್ಲ, ಎಲ್ಲವೂ ಒಣಗಿದವು. ಗಳದೊಳಗಿನ ಸತ್ತ್ವದಿಂದಲೇ ಚಿಗುರು ಬರುತ್ತದೆ, ಬೇರು ಹಿಂದಿನಿಂದ ಬರುತ್ತದೆ. ಮೂರು ತಿಂಗಳಾದರೂ ಕಾಯತಕ್ಕದ್ದು.

ಎರಡಡಿ ಗುಂಡಿಯ ತಳಕ್ಕೆ ತೆಂಗಿನಕಾಯಿ ಸಿಪ್ಪೆ ಹಾಸಿ, ಕೊಟ್ಟಿಗೆ ಗೊಬ್ಬರ, ಮಣ್ಣು ತುಂಬಿದರೆ ತೇವ ನಿಲ್ಲುತ್ತದೆ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬಾರದು. ಉದುರಿದ ಎಲೆ ಸುಡದೆ ಬುಡಕ್ಕೇ ಬಿಡಿ. ಪೂರ್ತಿ ಹಸಿರು ಗಳ ಹೊರಟರೆ ಎಳೆಯದರಲ್ಲೇ ತೆಗೆಯಬೇಕು, ಇಲ್ಲವಾದರೆ ಕ್ರಮೇಣ ಮೆಳೆಯೇ ಹಸಿರಾದೀತು.

ಗಳ ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರಕ್ಕೆ ಹೋಗುತ್ತದೆ. ಆಮೇಲೆ ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಮೂರು ವರ್ಷ ಮೀರಿದ ಗಳಗಳನ್ನು ಮಳೆಗಾಲ ಕಳೆದ ಮೇಲೆ ಮೆಳೆಯ ಒಳಗಿನಿಂದ ಕಡಿಯಬೇಕು. ಅಂಚಿನ ಎಳೆಯವು ಮುಂದಿನ ಕಳಲೆಗೆ ತಾಯಿ. ಬುಡದ ಗೆಣ್ಣಿನ ಮೇಲಕ್ಕೇ ಕತ್ತರಿಸಿದರೆ ಮೋಟಿನಲ್ಲಿ ನೀರು ನಿಲ್ಲುವುದಿಲ್ಲ. ಸ್ವಂತ ಜಮೀನಿನ ಬಿದಿರು ಕಡಿಯಲು ಹಿಂದೆ ಇದ್ದ ತೊಡಕು ಬಹುಮಟ್ಟಿಗೆ ಸಡಿಲವಾಗಿದೆ: 2017ರ ತಿದ್ದುಪಡಿಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ 'ಮರ'ಗಳ ಪಟ್ಟಿಯಿಂದ ಬಿದಿರನ್ನು ಕೈಬಿಡಲಾಯಿತು.

ಏಣಿಗೂ ದೋಟಿಗೂ ಈ ಬಿದಿರನ್ನು ನೆಚ್ಚಬೇಡಿ. ಇದರಲ್ಲಿ ಪಿಷ್ಟ ಹೆಚ್ಚು, ಹುಳು ಬೇಗ ಬೀಳುತ್ತದೆ. ಆ ಕೆಲಸಕ್ಕೆ ಒಣ ನಾಡಿನ ಗಟ್ಟಿ ಬಿದಿರೇ ಬೇಕು.