ಡಾಂಬರಿನ ಊರು, ಬಳಪದ ಕಲ್ಲಿನ ಮುದ್ರೆ

ನಿಮ್ಮ ಮನೆ ಬ್ನೇದ್ ಅಲ್ ಗಾರ್‌ನಲ್ಲಿದ್ದರೆ ಮಕ್ಕಳ ಇತಿಹಾಸದ ಪಾಠವನ್ನು ವಿಳಾಸದಿಂದಲೇ ಶುರುಮಾಡಬಹುದು. ‘ಗಾರ್’ ಎಂದರೆ ಡಾಂಬರು. ಗ್ರಾಂಥಿಕ ಅರಬ್ಬಿಯ ‘ಕಾರ್’ ಕುವೈತಿಗಳ ಬಾಯಲ್ಲಿ ‘ಗಾರ್’ ಆಗಿದೆ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದ ಕಥೆಯನ್ನೂ ಆಗಲೇ ಹೇಳಿಬಿಡಿ.

ಅಲ್ಲಿಂದ ಸಮುದ್ರವನ್ನು ಬಲಕ್ಕಿಟ್ಟುಕೊಂಡು, ಕುವೈತ್ ಟವರ್ಸ್ ದಾಟಿ ಗಲ್ಫ್ ರಸ್ತೆಯಲ್ಲಿ ಹೋದರೆ ‘ಅಮ್ರಿಕಾನಿ’ ಸಿಗುತ್ತದೆ. 1914ರ ಅಮೆರಿಕನ್ ಮಿಷನ್ ಆಸ್ಪತ್ರೆ ಅದು. 1967ರಲ್ಲಿ ಮುಚ್ಚಿತು. ಈಗ ಅಲ್ಲಿರುವುದು ದಾರ್ ಅಲ್ ಅಥಾರ್ ಅಲ್ ಇಸ್ಲಾಮಿಯಾದ ಸಾಂಸ್ಕೃತಿಕ ಕೇಂದ್ರ. ಈ ಮಿಷನ್‌ಗೆ 1912ರಲ್ಲಿ ಬಂದ ವೈದ್ಯೆ ಎಲೀನರ್ ಕ್ಯಾಲ್ವರ್ಲಿ ತಮ್ಮ ಮೂವರು ಹೆಣ್ಣುಮಕ್ಕಳನ್ನು ಇಲ್ಲೇ ಬೆಳೆಸಿದರು. ಪರದೇಶದಲ್ಲಿ ಮಕ್ಕಳನ್ನು ಸಾಕಿದವರಲ್ಲಿ ನಾವೇನೂ ಮೊದಲಿಗರಲ್ಲ!

ಮ್ಯೂಸಿಯಂಗಳಲ್ಲಿ ನಮ್ಮ ಕಷ್ಟ ಬೇರೆ. ಫಲಕಗಳು ಅರಬ್ಬಿ, ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲಿ ಹೇಳುವುದು “ಮುಟ್ಟಬೇಡ”, “ಬೇಗ ಬಾ”, “ಹಸಿವಾಯ್ತಾ?” ಇಷ್ಟೇ. ತಿಳಿವಳಿಕೆಯೆಲ್ಲ ಇಂಗ್ಲಿಷಿನಲ್ಲಿ, ಗದರಿಕೆ ಮಾತ್ರ ಕನ್ನಡದಲ್ಲಿ ಎಂದಾದರೆ ಮಗು ಯಾವುದನ್ನು ಉಳಿಸಿಕೊಳ್ಳುತ್ತದೆ? ದಿನವಿಡೀ ಇಂಗ್ಲಿಷಿನಲ್ಲೇ ಸಂಶೋಧನೆ ಮಾಡುವ ನನಗೂ ಕನ್ನಡದ ಪದಗಳು ಥಟ್ಟನೆ ಬರುವುದಿಲ್ಲ. ಹಾಗಾಗಿ ಹೊರಡುವ ಮುನ್ನ ನಾಲ್ಕೈದು ಪದ ಹುಡುಕಿಟ್ಟುಕೊಳ್ಳುತ್ತೇನೆ.

ಉದಾಹರಣೆಗೆ, ಅದೇ ರಸ್ತೆಯ ರಾಷ್ಟ್ರೀಯ ಮ್ಯೂಸಿಯಂ ನೋಡಲು ಹೋಗುವವರಿಗೆ ಫೈಲಕಾ ದ್ವೀಪದ ಹೆಸರು ಗೊತ್ತಿರಲಿ. ಅಲ್ಲಿ 1958ರಲ್ಲಿ ಡೆನ್ಮಾರ್ಕಿನವರು ಉತ್ಖನನ ಶುರುಮಾಡಿದರು. ಸುಮಾರು 4,000 ವರ್ಷ ಹಳೆಯ ದಿಲ್ಮುನ್ ಕಾಲದ ನೂರಾರು ದುಂಡು ಮುದ್ರೆಗಳು ಸಿಕ್ಕಿವೆ. ಇಂಗ್ಲಿಷಿನಲ್ಲಿ ಅವುಗಳ ಕಲ್ಲು ‘ಸ್ಟಿಯಟೈಟ್’. ಮಗುವಿಗೆ ಅದು ಬರೀ ಸದ್ದು. ‘ಬಳಪದ ಕಲ್ಲು’ ಎಂದು ನೋಡಿ! ಸ್ಲೇಟು, ಅಜ್ಜಿಮನೆ, ಬೇಲೂರು ಎಲ್ಲವೂ ಒಟ್ಟಿಗೇ ಬರುತ್ತವೆ. (ಬೇಲೂರಿನದು ನಿಖರವಾಗಿ ಅದೇ ಶಿಲೆಯಲ್ಲ, ಹತ್ತಿರದ ನೆಂಟ. ಮಕ್ಕಳಿಗೆ ಇದನ್ನೂ ಹೇಳಿ.)

ನನಗೆ ಎಲ್ಲಕ್ಕಿಂತ ಇಷ್ಟವಾದ ವಸ್ತು ಮಾತ್ರ ಡಾಂಬರಿನದೇ. ಕುವೈತಿನ ಉತ್ತರಕ್ಕಿರುವ ಸಬಿಯಾದಲ್ಲಿ ಸುಮಾರು 7,000 ವರ್ಷ ಹಳೆಯ ದೋಣಿಯ ಡಾಂಬರು ಚೂರುಗಳು ಸಿಕ್ಕಿವೆ. ಒಂದು ಬದಿಯಲ್ಲಿ ಜೊಂಡಿನ ಅಚ್ಚು, ಇನ್ನೊಂದರಲ್ಲಿ ಹಡಗಿನ ತಳಕ್ಕೆ ಅಂಟಿ ಬೆಳೆಯುವ ಚಿಪ್ಪುಜೀವಿಗಳು. ಚಿತ್ರ ತೋರಿಸಿ, “ಯಾವ ಬದಿ ನೀರಿನಲ್ಲಿತ್ತು ಪುಟ್ಟಾ? ಹೇಗೆ ಗೊತ್ತಾಯ್ತು?” ಎಂದಷ್ಟೇ ಕೇಳಿ. ಉತ್ತರಕ್ಕೆ ‘ಯಾಕೆಂದರೆ’ ಬೇಕೇ ಬೇಕು. ಮಧ್ಯೆ ಇಂಗ್ಲಿಷ್ ಪದ ಬಂದರೆ ತಿದ್ದಲು ಹೋಗಬೇಡಿ, ವಾಕ್ಯ ಮುಗಿಯಲಿ.

ಒಂದು ದಿನಕ್ಕೆ ಒಂದೇ ಕಟ್ಟಡ ಸಾಕು. ರಂಜಾನ್ ತಿಂಗಳಲ್ಲಿ ಸಮಯ ಬದಲಾಗುತ್ತದೆ, ವಿಚಾರಿಸಿಕೊಂಡೇ ಹೊರಡಿ.