ಟಾಕಿಗೆ ಏನು ಬೀಳಬೇಕು? ಬೈಕು, ಪೆಟ್ರೋಲ್ ಮತ್ತು ಬಾಟಲಿ ಔಷಧ

ಪೆಟ್ರೋಲಿಗೆ ನೀರು ಬೆರೆಸುತ್ತಾರೆ ಎಂದು ತೋರಿಸಲು ಈಗ ಊರೂರಲ್ಲೂ ಒಂದು ಪ್ರಯೋಗ ಚಾಲ್ತಿಯಲ್ಲಿದೆ. ಬಂಕಿನಿಂದ ತಂದ ಪೆಟ್ರೋಲನ್ನು ಬಾಟಲಿಗೆ ಅರ್ಧದಷ್ಟು ಸುರಿದು, ಅಷ್ಟೇ ನೀರು ಸೇರಿಸಿ, ಕುಲುಕಿ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಮೇಲೆ, ನೀರು ಕೆಳಗೆ. ಆದರೆ ಕೆಳಗಿನ ಪದರ ಹಾಕಿದ್ದಕ್ಕಿಂತ ಹೆಚ್ಚಾಗಿರುತ್ತದೆ. "ನೋಡ್ರಿ, ಇಷ್ಟು ನೀರು ಎಲ್ಲಿಂದ ಬಂತು? ಬಂಕಿನ್ಯಾಂವ ಹಾಕಿದ್ದೇ ಇದು." ಅದರ ವಿಡಿಯೊ ನಮ್ಮ ರಾಯಚೂರು ಸೀಮೆಯ ಗೂಗಲ್ ಊರಿನಿಂದ ಗಬ್ಬೂರಿಗೆ, ಅಲ್ಲಿಂದ ದೇವದುರ್ಗ, ಮಾನ್ವಿಗೆ ಯಾವ ಬೈಕಿಗಿಂತಲೂ ಬೇಗ ಮುಟ್ಟುತ್ತದೆ.

ಪ್ರಯೋಗದಲ್ಲಿ ಮೋಸವಿಲ್ಲ, ತೀರ್ಮಾನ ತಪ್ಪು. ಕೆಳಗೆ ಸೇರಿಕೊಂಡದ್ದು ಪೆಟ್ರೋಲಿನಲ್ಲೇ ಬೆರೆಸಿರುವ ಎಥೆನಾಲ್. ಅದಕ್ಕೆ ಪೆಟ್ರೋಲಿಗಿಂತ ನೀರಿನ ಮೇಲೆ ಒಲವು ಹೆಚ್ಚು. ನೀರು ಸಿಕ್ಕ ತಕ್ಷಣ ಪೆಟ್ರೋಲನ್ನು ಬಿಟ್ಟು ಅದರ ಜೊತೆ ಕೂಡಿಕೊಳ್ಳುತ್ತದೆ. ನೂರು ಮಿಲಿಲೀಟರ್ ಪೆಟ್ರೋಲ್ ಕುಲುಕಿದ ಮೇಲೆ ಎಂಬತ್ತರ ಆಸುಪಾಸಿಗೆ ಇಳಿದರೆ, ಸರ್ಕಾರ ಹೇಳಿದಷ್ಟೇ, ಅಂದರೆ ಶೇ 20ರಷ್ಟು, ಎಥೆನಾಲ್ ಅದರಲ್ಲಿದೆ ಎಂದರ್ಥ. ಅಂದರೆ ಕಲಬೆರಕೆ ಹಿಡಿದೆ ಎಂದು ವಿಡಿಯೊ ಮಾಡಿದವರು ಮಿಶ್ರಣ ಸರಿಯಾಗಿದೆ ಎಂದೇ ಸಾಬೀತು ಮಾಡಿರುತ್ತಾರೆ. ನಿಜವಾಗಿ ನೀರಿದೆಯೇ ಎಂದು ನೋಡಬೇಕಾದರೆ ಬಾಟಲಿಗೆ ನೀರು ಹಾಕಲೇಬಾರದು. ಬರೀ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅಲುಗಿಸದೆ ಇಟ್ಟು ನೋಡಿ. ಮಬ್ಬಾಗಿದ್ದರೆ ಅಥವಾ ತಳದಲ್ಲಿ ಬೇರೆ ಪದರ ಕಂಡರೆ ಆಗ ಬಂಕಿನವರನ್ನು ಕೇಳಬಹುದು.

ಈ ಮಿಶ್ರಣದ ಕಥೆ ಹೊಸದೇನೂ ಅಲ್ಲ. ಪವರ್ ಆಲ್ಕೋಹಾಲ್ ಎಂಬ ಹೆಸರಿನಲ್ಲಿ ಇದಕ್ಕೊಂದು ಕಾಯ್ದೆ 1948ರಲ್ಲೇ ಆಗಿತ್ತು. ಈಗಿನ ಸುತ್ತಿನಲ್ಲಿ, 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ ಶೇ 10 ಎಥೆನಾಲ್ ಸೇರಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಶೇ 20 ಎಥೆನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ಮೊದಲಿಗೆ ಹನ್ನೊಂದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ. 2025ಕ್ಕೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿ, ಎಲ್ಲದರಿಂದಲೂ ಎಥೆನಾಲ್ ತೆಗೆಯುತ್ತಾರೆ. ಭತ್ತದ ಸೀಮೆಯಾದ ಮಾನ್ವಿಯವರಿಗೆ ನುಚ್ಚಕ್ಕಿ ಏನೆಂದು ಹೇಳಬೇಕಿಲ್ಲ.

"ಎಥೆನಾಲ್ ಬಂದ ಮ್ಯಾಲೆ ಆವರೇಜ್ ಅರ್ಧ ಆಯ್ತು" ಎಂಬುದು ಎರಡನೆಯ ಮಾತು. ಇದರಲ್ಲಿ ಒಂದು ಪಾಲು ನಿಜವಿದೆ, ಹಾಗಾಗಿ ಲೆಕ್ಕ ಹಾಕಿಯೇ ನೋಡಬೇಕು. ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲ್‌ನಲ್ಲಿ ಸುಮಾರು 21. ಶೇ 10ರ ಮಿಶ್ರಣದಿಂದ ಶೇ 20ಕ್ಕೆ ಬಂದಾಗ ಲೀಟರಿನ ಒಟ್ಟು ಶಕ್ತಿ ಶೇ ಮೂರೂವರೆಯಷ್ಟು ಕಡಿಮೆಯಾಗುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4ರ ಇಳಿಕೆಯನ್ನೇ ಹೇಳಿತ್ತು. ಅರವತ್ತು ಕೊಡುತ್ತಿದ್ದ ಗಾಡಿ ಐವತ್ತೆಂಟು ಕೊಟ್ಟರೆ ಅದು ಎಥೆನಾಲ್ ಲೆಕ್ಕ. ನಲವತ್ತೈದಕ್ಕೆ ಬಿದ್ದಿದ್ದರೆ ಕಾರಣ ಗಾಡಿಯಲ್ಲೇ ಇದೆ: ಹತ್ತಿ ಹೊಲದ ದಾರಿಯ ಎರೆಮಣ್ಣಿನ ಧೂಳು ಕುಡಿದು ಕಟ್ಟಿಕೊಂಡ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್, ಗಾಳಿ ಇಳಿದ ಟೈರು, ಎಣ್ಣೆ ಕಾಣದ ಚೈನು. ಎಲ್ಲವನ್ನೂ ಎಥೆನಾಲ್ ಮೇಲೆ ಹೊರಿಸಿದರೆ ಇವು ಹಾಗೇ ಉಳಿಯುತ್ತವೆ.

ಆದರೆ ಏನೂ ವ್ಯತ್ಯಾಸವಿಲ್ಲ ಎನ್ನುವವರ ಮಾತನ್ನೂ ಒಪ್ಪಬೇಕಾಗಿಲ್ಲ. ಶಕ್ತಿ ಕಡಿಮೆಯಿರುವುದರಿಂದ ಇಂಥ ಪೆಟ್ರೋಲಿನ ಬೆಲೆಯೂ ಕಡಿಮೆಯಿರಬೇಕು ಎಂದು ಅದೇ ನೀತಿ ಆಯೋಗದ ವರದಿ ಸಲಹೆ ಕೊಟ್ಟಿತ್ತು. ಬಂಕಿನ ಬೋರ್ಡಿನಲ್ಲಿ ಆ ಇಳಿಕೆ ಕಾಣಲಿಲ್ಲ. ಈ ದೂರನ್ನು ತಪ್ಪು ಕಲ್ಪನೆ ಎನ್ನಲು ನನಗೆ ಮನಸ್ಸಿಲ್ಲ.

ಹಳೆಯ ಗಾಡಿಯ ಪ್ರಶ್ನೆ ಬೇರೆ. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇ20 ತಾಳುವಂಥವು. 2025ರ ಏಪ್ರಿಲ್‌ನಿಂದ ಎಂಜಿನ್ನನ್ನೂ ಅದಕ್ಕೇ ಹೊಂದಿಸಿ ತಯಾರಿಸುತ್ತಿದ್ದಾರೆ. ಅದಕ್ಕಿಂತ ಹಿಂದಿನ ಬೈಕು ಮೂರು ದಿನದಲ್ಲಿ ಹಾಳಾಗುತ್ತದೆ ಎಂಬುದು ಸುಳ್ಳು. ಆದರೆ ಪೆಟ್ರೋಲ್ ಪೈಪು, ಗ್ಯಾಸ್ಕೆಟ್ಟು, ಕಾರ್ಬುರೇಟರಿನ ರಬ್ಬರ್ ರಿಂಗು ಬೇಗ ಉಬ್ಬಿ ಬಿರುಕು ಬಿಡಬಹುದು. ಸರ್ವಿಸ್ ಮಾಡಿಸುವಾಗ ಇವನ್ನು ನೋಡಿಸಿ, ಬೇಕಾದರೆ ಬದಲಿಸಿ. "ಎಥೆನಾಲ್‌ನಿಂದ ರಕ್ಷಣೆ" ಎಂದು ಮಾರುವ ಬಾಟಲಿ ತುಕ್ಕನ್ನು ಒಂದಿಷ್ಟು ತಡೆದೀತು, ಬಿರುಕು ಬಿಟ್ಟ ಪೈಪನ್ನು ಹೊಸದು ಮಾಡಲಾರದು. ಬಾಟಲಿಯ ದುಡ್ಡಿಗೆ ಪೈಪೇ ಬರುತ್ತದೆ.

ಇನ್ನು ಪ್ರೀಮಿಯಂ ಪೆಟ್ರೋಲ್. ಎಕ್ಸ್‌ಪಿ95, ಪವರ್95, ಸ್ಪೀಡ್ ಎಂಬ ಹೆಸರು ಕೇಳಿದರೆ ಗಾಡಿ ಹಾರುತ್ತದೇನೋ ಅನ್ನಿಸುತ್ತದೆ. ಆ 95 ಎಂಬುದು ಆಕ್ಟೇನ್ ಸಂಖ್ಯೆ. ಕಿಡಿಯ ಉರಿ ತಲುಪುವ ಮೊದಲೇ, ಒತ್ತಡಕ್ಕೆ ಸಿಕ್ಕಿ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ ಅದು. ಹೆಚ್ಚು ಆಕ್ಟೇನ್ ಅಂದರೆ ಹೆಚ್ಚು ಶಕ್ತಿ ಎಂದು ತಿಳಿದವರೇ ಹೆಚ್ಚು. ಎಥೆನಾಲ್ ಒಂದನ್ನೇ ನೋಡಿ: ಆಕ್ಟೇನ್ 108ರ ಸುತ್ತಮುತ್ತ, ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ನೂರು ಸಿಸಿ ಗಾಡಿಯ ಎಂಜಿನ್ ಗಾಳಿ-ಪೆಟ್ರೋಲನ್ನು ಸುಮಾರು ಹತ್ತು ಪಟ್ಟು ಅದುಮುತ್ತದೆ. ಅದಕ್ಕೆ 91 ಸಾಕು. ಹನ್ನೆರಡು ಪಟ್ಟು ದಾಟಿ ಅದುಮುವ ದೊಡ್ಡ ಬೈಕುಗಳಿಗೆ ಹೆಚ್ಚಿನ ಆಕ್ಟೇನ್ ನಿಜವಾಗಿ ಬೇಕು, ಅವುಗಳ ಪುಸ್ತಿಕೆಯಲ್ಲೇ ಬರೆದಿರುತ್ತದೆ. ಇನ್ನೊಂದು ವಿಚಾರ ಜಾಹೀರಾತಿನಲ್ಲಿ ಬರುವುದಿಲ್ಲ. ಇ20ಗೆ ನಿಗದಿಯಾದ ಕನಿಷ್ಠ ಆಕ್ಟೇನೇ 95. ಹಾಗಾಗಿ ಈಗ ಮಾಮೂಲಿ ಪೆಟ್ರೋಲಿಗೂ 95ರ ಪ್ರೀಮಿಯಂಗೂ ಉಳಿದಿರುವ ಮುಖ್ಯ ವ್ಯತ್ಯಾಸ ಅದರಲ್ಲಿ ಸೇರಿಸುವ ಕೊಳೆ ತೆಗೆಯುವ ರಾಸಾಯನಿಕ. ಪ್ರೀಮಿಯಂ ಹಾಕಿಸಿದರೆ ಎಥೆನಾಲ್ ತಪ್ಪುತ್ತದೆ ಎಂಬ ನಂಬಿಕೆಯಿಂದ ಹೆಚ್ಚು ದುಡ್ಡು ಕೊಡುವವರೂ ಇದ್ದಾರೆ. 95ರಲ್ಲೂ ಅದು ಇದೆ.

ಟಾಕಿಗೆ ಡಾಂಬರ್ ಗುಳಿಗೆ ಹಾಕುವ ರೂಢಿ ಹಳೇ ಬುಲೆಟ್, ರಾಜದೂತ್ ಕಾಲದ್ದು. ಆ ಗುಳಿಗೆಯ ನ್ಯಾಫ್ತಲಿನ್ ಪೆಟ್ರೋಲಿನಲ್ಲಿ ಕರಗುತ್ತದೆ, ಆಕ್ಟೇನನ್ನೂ ಅಷ್ಟಿಷ್ಟು ಏರಿಸುತ್ತದೆ, ಅಷ್ಟರ ಮಟ್ಟಿಗೆ ಹಿರಿಯರ ಮಾತು ಪೂರ್ತಿ ಹುಸಿಯಲ್ಲ. ಆದರೆ ಅದು ಉರಿದ ಮೇಲೆ ಮಸಿ ಬಿಡುತ್ತದೆ. ಪೆಟ್ರೋಲ್ ಆರಿದ ಕಡೆ ಮತ್ತೆ ಹರಳಾಗಿ ಕಾರ್ಬುರೇಟರ್ ಜೆಟ್ಟಿನ ಸಣ್ಣ ರಂಧ್ರ ಮುಚ್ಚಬಹುದು. ಇಂದು ಅಂಗಡಿಯಲ್ಲಿ ಸಿಗುವ ಬಿಳಿ ಗುಳಿಗೆಗಳಲ್ಲಿ ಎಷ್ಟೋ ನ್ಯಾಫ್ತಲಿನ್ನೇ ಅಲ್ಲ, ಕ್ಲೋರಿನ್ ಇರುವ ಬೇರೆ ವಸ್ತು. ಅದು ಉರಿದರೆ ಲೋಹ ತಿನ್ನುವ ಆಮ್ಲವಾಗುತ್ತದೆ. ಗುಳಿಗೆಯನ್ನು ಕಪಾಟಿನ ರೇಷ್ಮೆ ಸೀರೆಗೇ ಬಿಡಿ.

ಟೂಟಿ ಆಯಿಲ್ ಕೂಡ ಹೀಗೇ. ಆರ್‌ಎಕ್ಸ್ 100, ಹಳೆಯ ಟಿವಿಎಸ್ ಎಕ್ಸ್‌ಎಲ್‌ನಂಥ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನ ಜೊತೆ ಎಣ್ಣೆ ಹೋಗಲೇಬೇಕಿತ್ತು, ಅವುಗಳ ಕ್ರ್ಯಾಂಕ್‌ಗೆ ಬೇರೆ ಎಣ್ಣೆ ಇರಲಿಲ್ಲ. ಫೋರ್ ಸ್ಟ್ರೋಕ್‌ನ ಎಣ್ಣೆ ಎಂಜಿನ್ ತಳದಲ್ಲೇ ಇರುತ್ತದೆ. "ನುಣ್ಣಗ ಓಡಲಿ" ಎಂದು ಟಾಕಿಗೆ ಒಂದು ಮುಚ್ಚಳ ಸುರಿದರೆ ಪ್ಲಗ್ ಕಪ್ಪಾಗುತ್ತದೆ, ಬಿಎಸ್6 ಗಾಡಿಯಾದರೆ ಸೈಲೆನ್ಸರಿನೊಳಗಿನ ದುಬಾರಿ ಕ್ಯಾಟಲಿಸ್ಟೂ ಕೆಡುತ್ತದೆ. ಕ್ಲೀನರ್ ಬಾಟಲಿಗಳ ಬಗ್ಗೆ ಇಷ್ಟು ಕಠಿಣವಾಗಿ ಹೇಳಲಾರೆ. ಇಂಜೆಕ್ಟರ್ ಇರುವ, ಬಹಳ ಓಡಿದ ಗಾಡಿಗೆ ಒಳ್ಳೆಯ ಕ್ಲೀನರಿನಿಂದ ಪ್ರಯೋಜನ ಇರಬಹುದು. ಪ್ರತಿ ಸಲ ಟಾಕಿ ತುಂಬಿಸುವಾಗಲೂ ಹಾಕುವುದರಲ್ಲಿ ಲಾಭ ಮಾರುವವನಿಗೆ.

ರಾಯಚೂರಿನ ಬೇಸಿಗೆಗೆಂದೇ ಎರಡು ನಂಬಿಕೆಗಳಿವೆ. ಫುಲ್ ಟ್ಯಾಂಕ್ ಮಾಡಿಸಿದರೆ ಬಿಸಿಲಿಗೆ ಸಿಡಿಯುತ್ತದೆ ಎಂಬ ಸಂದೇಶ ಇಂಡಿಯನ್ ಆಯಿಲ್ ಹೆಸರಿನಲ್ಲಿ ಓಡಾಡಿತು. ತಾನು ಹಾಗೆ ಹೇಳಿಯೇ ಇಲ್ಲ ಎಂದು ಕಂಪನಿ ಸ್ಪಷ್ಟಪಡಿಸಿತು. ಕಿಡಿಯಿಲ್ಲದೆ ಪೆಟ್ರೋಲ್ ತಾನೇ ಹೊತ್ತಿಕೊಳ್ಳಲು 250 ಡಿಗ್ರಿ ಆಸುಪಾಸಿನ ಶಾಖ ಬೇಕು, ನಮ್ಮ ಮೇ ತಿಂಗಳು 45ಕ್ಕೆ ನಿಲ್ಲುತ್ತದೆ. ಹಾಗಂತ ಬಾಯಿವರೆಗೆ ತುಂಬಿಸುವುದೂ ಬೇಡ. ಒಂದು ಡಿಗ್ರಿಗೆ ಪೆಟ್ರೋಲ್ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ಹತ್ತು ಲೀಟರ್ ಟಾಕಿ ಬಿಸಿಲಲ್ಲಿ ಇಪ್ಪತ್ತು ಡಿಗ್ರಿ ಏರಿದರೆ 200 ಮಿಲಿಲೀಟರ್ ಹೆಚ್ಚಾಗುತ್ತದೆ. ಜಾಗವಿಲ್ಲದಿದ್ದರೆ ಅದು ಹೊರಗೆ ಬರುತ್ತದೆ, ಇಲ್ಲವೇ ಹೊಸ ಗಾಡಿಗಳಲ್ಲಿ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗುತ್ತದೆ.

ನಸುಕಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎಂಬುದು ಇನ್ನೊಂದು. ಬಂಕಿನ ಟ್ಯಾಂಕು ನೆಲದೊಳಗಿದೆ, ಹಗಲು ರಾತ್ರಿಗೆ ಅಲ್ಲಿ ಶಾಖ ಹೆಚ್ಚು ಬದಲಾಗುವುದಿಲ್ಲ. ಎರಡು ಡಿಗ್ರಿ ಬದಲಾಯಿತೆಂದೇ ಹಿಡಿದರೂ ಐದು ಲೀಟರಿಗೆ ಹತ್ತು ಮಿಲಿ, ಒಂದು ರೂಪಾಯಿಯ ಮಾತು. ನೂರರ ಬದಲು ನೂರಾಹತ್ತಕ್ಕೆ ಹಾಕಿಸಿದರೆ ಮೀಟರ್ ಮೋಸ ಮಾಡದು ಎಂಬುದಕ್ಕೂ ಬೆಲೆಯಿಲ್ಲ. ಅನುಮಾನವಿದ್ದರೆ ಬಂಕಿನಲ್ಲೇ ಇರುವ, ಮುದ್ರೆ ಬಿದ್ದ ಐದು ಲೀಟರ್ ಅಳತೆಯಲ್ಲಿ ಹಿಡಿದು ತೋರಿಸಿ ಎಂದು ಕೇಳಿ; 25 ಮಿಲಿಗಿಂತ ಹೆಚ್ಚು ಕಡಿಮೆ ಇರುವಂತಿಲ್ಲ. ಕಲಬೆರಕೆಯ ಅನುಮಾನವಾದರೆ ಫಿಲ್ಟರ್ ಪೇಪರ್ ಕೇಳಿ. ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲ್ ಕಲೆಯಿಲ್ಲದೆ ಆರುತ್ತದೆ, ಸೀಮೆಎಣ್ಣೆ ಸೇರಿದ್ದರೆ ಜಿಡ್ಡು ಉಳಿಯುತ್ತದೆ. ಇವೆರಡೂ ಗ್ರಾಹಕನ ಹಕ್ಕು.

ನೀರಿನ ನಿಜವಾದ ಅಪಾಯ ಗೂಗಲ್‌ನಂಥ ಹೊಳೆದಂಡೆಯ ಊರುಗಳಲ್ಲಿ ಮಳೆಗಾಲದ್ದು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ದಂಡೆಯ ಗಾಡಿಗಳೂ ನೆನೆಯುತ್ತವೆ. ಕಿರಾಣಿ ಅಂಗಡಿಯ ಮುಂದೆ ಬಿಸಿಲು ಮಳೆಗೆ ನಿಂತ ಬಾಟಲಿ ಪೆಟ್ರೋಲಿನದೂ ಇದೇ ಕಥೆ. ಪರವಾನಗಿ ಇಲ್ಲದೆ ಹಾಗೆ ಮಾರುವುದೇ ಕಾನೂನಿಗೆ ವಿರುದ್ಧ ಎಂಬುದು ಬೇರೆ. ಎಥೆನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ಕರಗಿಸಿಕೊಂಡು ಎಂಜಿನ್ ಮೂಲಕ ದಾಟಿಸಿಬಿಡುತ್ತದೆ. ಶೇ 10ರ ಮಿಶ್ರಣದಲ್ಲಿ ಆ ಮಿತಿ ಅರ್ಧ ಶೇಕಡಾ ಸುಮಾರು, ಶೇ 20ರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮಿತಿ ದಾಟಿದರೆ ಬಾಟಲಿಯಲ್ಲಿ ಆದದ್ದೇ ಟಾಕಿಯಲ್ಲೂ ಆಗುತ್ತದೆ, ಮತ್ತು ಎಂಜಿನ್ ಎಳೆದುಕೊಳ್ಳುವುದು ತಳದ ಪದರವನ್ನೇ. ಆಗ "ಹೊಸಾ ಎಣ್ಣಿ ಹಾಕ್ಸಿದ್ರ ಸರಿ ಹೋಗ್ತದ" ಎಂದು ಕಿಕ್ ಹೊಡೆಯುತ್ತ ಕೂರಬೇಡಿ. ಗಾಡಿ ಚಾಲೂ ಮಾಡದೆ ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ಕೈಯಲ್ಲಿ ಟಾಕಿ, ಪೈಪು, ಕಾರ್ಬುರೇಟರ್ ಪೂರ್ತಿ ಖಾಲಿ ಮಾಡಿಸಿ. ಮೇಲಿನ ಪದರ ತಿಳಿಯಾಗಿದೆಯಲ್ಲ ಎಂದು ಅದನ್ನು ಬಸಿದಿಟ್ಟುಕೊಳ್ಳುವುದೂ ಬೇಡ: ಎಥೆನಾಲ್ ಕೆಳಗಿಳಿದಾಗ ಅದರ ಆಕ್ಟೇನ್ ಕೂಡ ಇಳಿದಿರುತ್ತದೆ.