ಬಲೆಯೊಡನೆ ಬಂದ ಉರಿ

2020ರ ನವೆಂಬರ್ ತಿಂಗಳು. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್‌ಗೆ ಹೊಂದಿಕೊಂಡಿರುವ ತಿಯಾರಾಯ್-ಸುರ್-ಮೇರ್ ಎಂಬ ಮೀನುಗಾರರ ಊರು. ಕಡಲಿಗೆ ಹೋಗಿ ಬಂದವರ ಮುಖ, ತುಟಿ, ಕೈಕಾಲುಗಳ ಮೇಲೆ ಬೊಕ್ಕೆಗಳು ಎದ್ದಿದ್ದವು. ಕೆಲವರಿಗೆ ಗುಪ್ತಾಂಗದ ಮೇಲೂ ಹುಣ್ಣು. ಜೊತೆಗೆ ತಲೆನೋವು, ಸಣ್ಣ ಜ್ವರ. ಕೆಲವೇ ದಿನಗಳಲ್ಲಿ ಇಂಥವರ ಸಂಖ್ಯೆ 500 ದಾಟಿತು.

ಅದು ಕೋವಿಡ್ ಕಾಲ. ಹೊಸ ರೋಗವೆಂದರೆ ಜನ ಬೆಚ್ಚುತ್ತಿದ್ದ ದಿನಗಳು. ರೋಗಿಗಳನ್ನು ಪ್ರತ್ಯೇಕವಾಗಿಟ್ಟು ಚಿಕಿತ್ಸೆ ಕೊಡಲಾಯಿತು. ವೈರಸ್ ಇರಬಹುದೇ, ಯಾರಾದರೂ ಕಡಲಿಗೆ ರಾಸಾಯನಿಕ ಸುರಿದರೇ ಎಂಬ ಅನುಮಾನಗಳು ಹುಟ್ಟಿದವು. ಸೆನೆಗಲ್‌ನಲ್ಲಿ ಮೀನಿನ ಬಹುಪಾಲು ದಡ ಸೇರುವುದು ಪಿರೋಗ್ ಎಂಬ ಮರದ ದೋಣಿಗಳಲ್ಲಿ. ಬಲೆ ಎಳೆಯುವ ಕೈಗೇ ಹುಣ್ಣಾದರೆ ಅಂದಿನ ಸಂಪಾದನೆ ಅಲ್ಲಿಗೆ ನಿಂತಂತೆ.

2020-21ರ ಅವಧಿಯಲ್ಲಿ ಹೀಗೆ ನರಳಿದವರು ಸಾವಿರಕ್ಕೂ ಹೆಚ್ಚು. ಅವರು ತೇಲುಬಲೆ ಬಿಟ್ಟು ಮೀನು ಹಿಡಿಯುವವರು ಎಂಬುದೇ ಮುಖ್ಯ ಸುಳಿವಾಯಿತು. ನೀರಿನ ಹರಿವಿನೊಡನೆ ಸಾಗುವ ಈ ಬಲೆಗೆ ಮೀನಿನ ಜೊತೆಗೆ ಕಡಲಿನ ಲೋಳೆಯೂ ಅಂಟಬಲ್ಲದು. ಒದ್ದೆ ಬಲೆಯನ್ನು ಬರಿಗೈಯಲ್ಲಿ ಎಳೆಯಬೇಕು. ಅದೇ ಕೈ ಬೆವರೊರೆಸಲು ಮುಖಕ್ಕೂ ಹೋಗುತ್ತದೆ.

ಕಡಲಿನಿಂದ ತಂದ ಮಾದರಿಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು 'ವಲ್ಕನೋಡಿನಿಯಂ ರುಗೋಸಮ್' ಎಂಬ ಪಾಚಿ. ಪಾಚಿ ಎಂದೊಡನೆ ಬಾವಿಕಟ್ಟೆಯ ಹಸಿರು ನೆನಪಾಗಬಹುದು. ಇದು ಹಾಗಲ್ಲ; ಒಂದೇ ಜೀವಕೋಶದ, ಬರಿಗಣ್ಣಿಗೆ ಕಾಣದ ಜೀವಿ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದೇ 2011ರಲ್ಲಿ, ಫ್ರಾನ್ಸಿನ ಮೆಡಿಟರೇನಿಯನ್ ತೀರದ ಹಿನ್ನೀರೊಂದರಲ್ಲಿ ಸಿಕ್ಕ ಮೇಲೆ. 2015ರಲ್ಲಿ ಕ್ಯೂಬಾದ ಸಿಯೆನ್‌ಫ್ಯೂಗೋಸ್ ಕೊಲ್ಲಿಯಲ್ಲಿ ಈಜಿದ ಮಕ್ಕಳು ಮತ್ತಿತರರಿಗೆ ಇಂಥದೇ ಚರ್ಮದುರಿ ಬಂದಿತ್ತು. ಅದರ ವಿವರವಾದ ವರದಿ ಪ್ರಕಟವಾದದ್ದು 2021ರಲ್ಲಿ. ಡಕಾರ್‌ನ ವೈದ್ಯರು ಕಾರಣಕ್ಕಾಗಿ ತಡಕಾಡಿ ಆದ ಮೇಲೆ.

ಈ ಪಾಚಿಯ ವಿಷದ ಹೆಸರು ಪೋರ್ಟಿಮೈನ್-ಎ. ಅದು ಕೆಲಸ ಮಾಡುವ ರೀತಿಯನ್ನು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಡಿಸಿಟ್ಟಿತು. ಪ್ರತಿ ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಿರುತ್ತವೆ. ವಿಷ ಮೊದಲು ಇವುಗಳ ಕೆಲಸ ಕೆಡಿಸುತ್ತದೆ. ಕೆಲಸ ನಿಂತ ಸುದ್ದಿ ಕೋಶದೊಳಗಿನ ಕಾವಲುಗಾರನಿಗೆ ಮುಟ್ಟುತ್ತದೆ. ಎನ್‌ಎಲ್‌ಆರ್‌ಪಿ-1 ಎಂಬ ಈ ಕಾವಲು ಪ್ರೋಟೀನ್ ಶತ್ರು ಒಳಹೊಕ್ಕನೆಂದೇ ತಿಳಿದು ಉರಿಯೂತದ ರಾಸಾಯನಿಕಗಳನ್ನು ಹೊರಬಿಡಿಸುತ್ತದೆ, ಕೋಶವನ್ನೂ ಸಾಯಿಸುತ್ತದೆ. ಅಂದರೆ ಚರ್ಮ ಸುಡುವುದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯದೇ ದೊಡ್ಡ ಪಾಲು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮ ಹಾಗೂ ಜೀಬ್ರಾ ಮೀನುಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು.

ವಿಚಿತ್ರವೆಂದರೆ, ಇದೇ ಪೋರ್ಟಿಮೈನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬಗೆಯನ್ನು ಅಮೆರಿಕದ ರಸಾಯನವಿಜ್ಞಾನಿಗಳು 2023ರಲ್ಲೇ ವಿವರಿಸಿದ್ದರು.

ಬೆಸ್ತರ ಮಟ್ಟಿಗೆ ಈ ಶೋಧದ ಉಪಯೋಗ ಬೇರೆ. ಆ ಕಾವಲುಗಾರನನ್ನು, ಅವನಿಗೆ ಸುದ್ದಿ ಮುಟ್ಟಿಸುವ ಝಡ್‌ಎಕೆ-ಆಲ್ಫಾ ಎಂಬ ಕಿಣ್ವವನ್ನು ತಡೆಯುವ ಔಷಧ ದೊರೆತರೆ ಉರಿ ತಗ್ಗಿಸಬಹುದು ಎನ್ನುತ್ತದೆ ಅಧ್ಯಯನ. ಕಡಲಿನ ನೀರನ್ನು ಆಗಾಗ ಪರೀಕ್ಷಿಸಿ, ಪಾಚಿ ಹೆಚ್ಚಿದಾಗ ದೋಣಿಯವರಿಗೆ ಮೊದಲೇ ತಿಳಿಸುವುದು ಅದಕ್ಕಿಂತ ಹತ್ತಿರದ ದಾರಿ.